ಕೊರಕಲಿನ ಬಾಯಲ್ಲಿ ಹಾಕಿದ ಧೂಪ

ನನ್ನ ನಾದಿನಿ ಗಂಗವ್ವ ಹಾಕಿದ ಧೂಪವನ್ನು ಇಮಾಮಸಾಬ ಬರಿಗಾಲಿನಿಂದ ತುಳಿದು ನಂದಿಸಿಬಿಟ್ಟ. ಸುಣ್ಣ ಸುಡೋ ಅವನೇ ಸುಣ್ಣಕಲ್ಲು ತರಾಕಂತ ನಾಲ್ಕು ಮಂದಿ ಹೆಂಗಸರಾದ ನಮ್ಮನ್ನು ಕುರುಗೋಡಿನಾಚೆಯ ಕೊರಕಲಿಗೆ ಕರಕೊಂಡು ಬಂದಿದ್ದ. ಎರಡೂ ಕಡೆ ಬಿಳಿ ಕಲ್ಲಿನ ಗೋಡಿ, ನಡುವೆ ಮೈ ಅಡ್ಡ ಮಾಡಿ ನುಸುಳುವಷ್ಟು ದಾರಿ. ಒಳಗೆ ಹೋಗೋ ಮೊದಲು ಅಲ್ಲಿನ ಕಲ್ಲಮ್ಮನಿಗೆ ಧೂಪ ಹಾಕೋದು ನಮ್ಮ ಪದ್ಧತಿ.

"ದೇವರ ಧೂಪ ತುಳಿತೀಯೇನಲೇ, ನಿನ್ನ ಕಾಲು ಮುರೀಲಿ!" ಅಂತ ಗಂಗವ್ವ ಚೀರಿದಳು.

"ಆಮ್ಯಾಲೆ ಬೈಯವಾ. ಈಗ ಮ್ಯಾಲೆ ನೋಡು" ಅಂತ ಅವನು ಪಿಸುಗುಟ್ಟಿದ.

ಹೋದ ಸಲ ಇರಲಾರದ ಹೆಜ್ಜೇನು ನಮ್ಮ ತಲೆ ಮೇಲೆ ಮೊರದಷ್ಟು ಅಗಲ ತೂಗುತ್ತಿತ್ತು. ಹೊಗೆ ಆಗಲೇ ಮುಟ್ಟಿತ್ತು, ಗುಂಯ್ ಅನ್ನೋ ಸದ್ದು ಏರುತ್ತಿತ್ತು. ಹಿಂದೆ ಜಾರುಬಂಡೆ, ಓಡಾಕ ಜಾಗ ಇರಲಿಲ್ಲ. ಅವನು ತನ್ನ ಕಂಬಳಿ ನಮ್ಮ ಮೇಲೆ ಎಸೆದು, ಬೋರಲು ಮಲಗ್ರಿ, ಅಲುಗಬ್ಯಾಡ್ರಿ ಅಂದ. ಒಳಗೆ ಉಸಿರು ಕಟ್ಟಿತು. ಗಂಗವ್ವ ನನ್ನ ಕೈಯಾಗ ಉಗುರು ಊರಿದಳು. ಹೊರಗೆ ಅವನಿಗೆ ಮುಚ್ಚಿಕೊಳ್ಳಾಕ ರುಮಾಲು ಬಿಟ್ಟರೆ ಏನೂ ಇರಲಿಲ್ಲ. ಅವನು ನರಳೋದು ಕೇಳುತ್ತಿತ್ತು. ಕಂಬಳಿ ಎತ್ತಿ ನೋಡೋ ಧೈರ್ಯ ಯಾರಿಗೂ ಬರಲಿಲ್ಲ.

ಸದ್ದು ಇಳಿದ ಮೇಲೆ ಎದ್ದೆವು. ಅವನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ದಾರಿ ತೋರಿಸಾಕ ಬಂದವನಿಗೆ ನಾವೇ ದಾರಿ ಹೇಳಬೇಕಾಯಿತು. "ಕಲ್ಲೈತಿ, ಕಾಲೆತ್ತೋ ಮಾರಾಯಾ" ಅಂತ ಬೈಕೊಂತಲೇ ಗಂಗವ್ವ ಊರತನಕ ಅವನ ಕೈ ಹಿಡಿದು ನಡೆಸಿದಳು.

ವಾರ ಕಳೆದ ಮೇಲೆ ಅವನಿಗೆ ಕಣ್ಣು ಕಾಣಿಸಿದವು. ಜೇನು ಎದ್ದ ಆ ದಿನ ಮಾತ್ರ ಮನಿ ಮುಟ್ಟಿದ ಕೂಡಲೇ ಗಂಗವ್ವ, ಅವನ್ನ ಮುಟ್ಟಿ ಮೈಲಿಗೆ ಆತು ಅಂತ ತಲೆ ಮೇಲೆ ನೀರು ಸುರುವಿಕೊಂಡಳು. ನಾನು ನೀರು ಹಾಕ್ಕೊಳ್ಳದ ಹಂಗ ಕುಂತು ರೊಟ್ಟಿ ತಿಂದೆ. ಅಕಿ ನೋಡಿದಳು, ಇನ್ನೊಂದು ರೊಟ್ಟಿ ನನ್ನ ಮುಂದ ಇಟ್ಟಳು.