ಹಿತ್ತಾಳೆಯ ಕೆಳಗಿನ ಬಳ್ಳಿ

ನರಗುಂದದ ಕೋಟೆಯಲ್ಲಿ ಇನ್ನೂ ದೊರೆಗಳಿದ್ದ ಕಾಲ. ನಮ್ಮ ನೆರೆಮನೆಯ ಬಳೆಗಾರ್ತಿ ಅರಗಿನ ಬಳೆ ಮಾಡುತ್ತಿದ್ದಳು. ಯಾರು ಅವಸರ ಮಾಡಿದರೂ ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ, “ತಡೀರಿ, ಅರಗು ತಾನ ಬಿಡತೈತಿ” ಎನ್ನುತ್ತಿದ್ದಳು.

ಅಕ್ಕನನ್ನು ರೋಣದ ಗಂಡನ ಮನೆಗೆ ಕಳಿಸುವ ಹಿಂದಿನ ದಿನ, ಅವಳು ಹೋಗಬೇಕಿದ್ದ ಬಂಡಿಯ ಅಂಚಿನ ಹಿತ್ತಾಳೆಯ ಪಟ್ಟಿ ಸೀಳಿಕೊಂಡು ಅವಳ ಅಂಗೈ ಕೊಯ್ಯಿತು. ಅದನ್ನು ಕೀಳಲು ಅಪ್ಪ ಉಳಿ ತಂದರು. ಆದರೆ ಪಟ್ಟಿಯ ಸುತ್ತ ಇದ್ದದ್ದು ತೀರಿಹೋದ ಅವ್ವ ಬರೆದ ಬಣ್ಣದ ಬಳ್ಳಿ.

“ಬಳ್ಳಿ ಹೋದರ ನಾ ಈ ಬಂಡಿ ಹತ್ತಂಗಿಲ್ಲ,” ಎಂದು ಅಕ್ಕ ಅಡ್ಡ ನಿಂತಳು.

ಬಳೆಗಾರ್ತಿ ಅಪ್ಪನ ಕೈಯಿಂದ ಉಳಿ ತೆಗೆದುಕೊಂಡಳು. “ಪಟ್ಟಿ ಅರಗಿನ್ಲೆ ಹಚ್ಯಾರ್ರಿ. ನನಗ ಬಿಡ್ರಿ.”

ಬಣ್ಣದ ಮೇಲೆ ಹಸಿ ಬಟ್ಟೆ ಹಾಸಿ, ಹಿತ್ತಾಳೆಗಷ್ಟೇ ಬಿಸಿ ಮರಳಿನ ಗಂಟು ಒತ್ತಿದಳು. ಅರಗು ಮೆತ್ತಗಾದಂತೆ ಪಟ್ಟಿಯ ಹಿಂದೆ ರೇಷ್ಮೆ ದಾರ ತೂರಿಸಿ ಅತ್ತಿತ್ತ ಎಳೆದಳು. ದಾರ ಹರಿಯಿತು, ಇನ್ನೊಂದು ಹೊಸೆದಳು. ಬೆರಳಿಗೆ ಬೊಬ್ಬೆ ಎದ್ದರೂ ಅವಳು ಏಳಲಿಲ್ಲ.

“ಹೊತ್ತ ಮುಳಗತೈತಿ,” ಎಂದರು ಅಪ್ಪ.

“ಮುಳಗಲಿ ಬಿಡ್ರಿ.”

ಕೊನೆಗೆ ಪಟ್ಟಿ ಅವಳ ಮಡಿಲಿಗೆ ಬಿತ್ತು. ಬಳ್ಳಿಯ ಒಂದೆಲೆಯೂ ಮುಕ್ಕಾಗಿರಲಿಲ್ಲ. ಪಟ್ಟಿ ಮುಚ್ಚಿದ್ದ ಜಾಗದಲ್ಲಿ ಅವ್ವನ ಹೆಬ್ಬೆರಳ ಗುರುತು ಬಣ್ಣದಲ್ಲೇ ಒಣಗಿ ಉಳಿದಿತ್ತು. ಮರುದಿನ ಅಕ್ಕ ಬಂಡಿ ಹತ್ತಿ, ಆ ಗುರುತಿನ ಮೇಲೆ ಬೆರಳಿಟ್ಟುಕೊಂಡೇ ರೋಣದ ದಾರಿ ಹಿಡಿದಳು.