ಬೈಯುವ ಎಡಿಟರ್, ಬೈಯದ ಸಾಹೇಬರು

ಖಾದರ್ ಸಾಹೇಬರು ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ. ಆ ಕೆಲಸವನ್ನು ಅವರು ತಮ್ಮ ಎಡಿಟರಿಗೆ, ಅಂದರೆ ಪ್ರೋಗ್ರಾಂ ಬರೆಯುವ ತಂತ್ರಾಂಶಕ್ಕೆ, ವಹಿಸಿಬಿಟ್ಟಿದ್ದರು. ಕಂಪ್ಯೂಟರಿಗೆ ಸಾಲುಸಾಲಾಗಿ ಆಜ್ಞೆ ಕೊಡುವ ಶೆಲ್ ಸ್ಕ್ರಿಪ್ಟಿನಲ್ಲಿ ಫೈಲ್ ಅಳಿಸುವ ಆಜ್ಞೆ ಬರೆದರೆ ಇಡೀ ಸಾಲು ಹಳದಿಯಾಗುತ್ತಿತ್ತು. ತೆರೆದ ಆವರಣ ಚಿಹ್ನೆಯನ್ನು ಮುಚ್ಚದೆ ಸೇವ್ ಮಾಡಹೋದರೆ ಕಂಪ್ಯೂಟರ್ ಟಣ್ ಎನ್ನುತ್ತಿತ್ತು. ಸಾಹೇಬರು ಮಾತ್ರ ಪಕ್ಕದಲ್ಲಿ ಕೂತು ಚಹಾ ಹೀರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ದೇಶ ಬಿಟ್ಟು ಬಂದು ಇಟಾಸ್ಕಾದ ಕಚೇರಿಗೆ ನಾನು ಸೇರಿದಾಗ ಅಲ್ಲಿದ್ದ ಇನ್ನೊಬ್ಬ ಕನ್ನಡಿಗರೆಂದರೆ ಗದಗಿನ ಈ ಸಾಹೇಬರು. ಮೊದಲ ದಿನವೇ ನನ್ನ ಎಡಿಟರನ್ನು ತಮ್ಮದರಂತೆ ಸಜ್ಜುಮಾಡಿ ಕೊಟ್ಟರು. ಹೊಸ ಸ್ಕ್ರಿಪ್ಟ್ ತೆರೆದರೆ ಮೇಲಿನ ಸಾಲುಗಳು ತಾವಾಗಿಯೇ ಬರುತ್ತಿದ್ದವು. ಅದರಲ್ಲೊಂದು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದು. ಅಲ್ಲಿ ಅವರ ಹೆಸರಿತ್ತು.

"ಸಾಹೇಬ್ರೆ, ಬರೆಯೋದು ನಾನು, ನಿಮ್ಮ ಹೆಸರ್ಯಾಕೆ?"

"ನಿನ್ನ ವೀಸಾ ಇನ್ನಾ ಹಸಿ ಐತಿ ತಂಗಿ. ಒಣಗೂಮಟ ನಂದ ಇರ್ಲಿ."

ಬೋಲಿಂಗ್‌ಬ್ರೂಕ್ ಗೋದಾಮಿಗೆ ಆರ್ಡರ್ ಕಳಿಸುವ ನನ್ನ ಮೊದಲ ಸ್ಕ್ರಿಪ್ಟ್ ಒಂದು ಬೆಳಿಗ್ಗೆ ಕೈಕೊಟ್ಟಿತು. ಅಲ್ಲಿಯವರು ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟಿದ್ದರು. ನಾನು ಹೆಸರಿಗೆ ಉದ್ಧರಣ ಚಿಹ್ನೆ ಹಾಕಿರಲಿಲ್ಲವಾದ್ದರಿಂದ ಸ್ಕ್ರಿಪ್ಟ್ ಅದನ್ನು ಎರಡು ಹೆಸರೆಂದು ಓದಿತ್ತು. ಆರ್ಡರ್ ತಲುಪದೆ ಗೋದಾಮಿನ ಮುಂದೆ ಟ್ರಕ್ಕುಗಳು ಸಾಲಾಗಿ ನಿಂತವು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ ಕಟ್ಟಬೇಕು.

ಫೋನ್ ರಿಂಗಾದದ್ದು ಸಾಹೇಬರ ಮೇಜಿನ ಮೇಲೆ. "ಸ್ಕ್ರಿಪ್ಟ್ ನಂದೇ. ಸ್ವಲ್ಪ ಟೈಮ್ ಕೊಡಿ," ಎಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದರು. ಇಬ್ಬರೂ ಕೂತು ಸರಿಪಡಿಸಿದೆವು. ಆಮೇಲೆ ನನ್ನ ಎಡಿಟರಿಗೆ ಇನ್ನೊಂದು ಬಣ್ಣ ಸೇರಿಸಿದರು: ಚಿಹ್ನೆ ಮರೆತ ಹೆಸರು ಇನ್ನು ಕೆಂಪು. "ತಪ್ಪ ಮಾಡೂದು ನಮ್ಮ ಕೆಲಸ, ನೆನಪ ಇಡೂದು ಇದರ ಕೆಲಸ," ಎಂದರು. ನಾನು ಥ್ಯಾಂಕ್ಸ್ ಹೇಳಹೋದರೆ, "ಚಾ ಆರತೈತಿ" ಎಂದು ಕಪ್ಪಿನ ಕಡೆ ತಿರುಗಿದರು.

ಕೆಲವು ವರ್ಷಗಳಾದ ಮೇಲೆ ಅವರಿಗೆ ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ನನ್ನ ಕುರ್ಚಿಯಲ್ಲಿ ಕೂತು, ಎಡಿಟರಿನ ಆ ಸಾಲಿನಿಂದ ತಮ್ಮ ಹೆಸರು ಅಳಿಸಿ ನನ್ನದನ್ನು ಬರೆದರು. "ಒಣಗೇತಿ ಬಿಡು," ಎಂದರು. ಮತ್ತೆ ನಾವು ಭೇಟಿಯಾಗಲಿಲ್ಲ.

ಈಚೆಗೆ ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ನಮ್ಮಲ್ಲಿ ಸೇರಿದಳು. ಅವಳ ಎಡಿಟರಿಗೆ ಹಳದಿ, ಕೆಂಪು ಎಲ್ಲ ತುಂಬಿಕೊಟ್ಟೆ. ಫೋನಿನ ಸಾಲಿನಲ್ಲಿ ನನ್ನ ಹೆಸರು ನೋಡಿ ಅವಳೂ ಯಾಕೆಂದು ಕೇಳಿದಳು. ಚಹಾ ಆರುತ್ತಿದೆ ಎಂದು ಕಪ್ಪಿನ ಕಡೆ ತಿರುಗಿದೆ.

ಹೋದ ವಾರ ಅವಳ ಸ್ಕ್ರಿಪ್ಟ್ ಕೆಟ್ಟು ನನ್ನ ಫೋನ್ ರಿಂಗಾಯಿತು. ಅವಳ ಮುಖ ಬಿಳಿಚಿಕೊಂಡಿತ್ತು. ನಾನು ಫೋನ್ ಎತ್ತಿ ಹೇಳಿದೆ, "ಸ್ಕ್ರಿಪ್ಟ್ ನಂದೇ."