ಅಣ್ಣನ ಜೇಬಿನಲ್ಲಿ ಕಿತ್ತಳೆ ಬಣ್ಣದ ಪ್ಲಗ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಹಳೆಯ ಹೈಬ್ರಿಡ್ ಕಾರೊಂದು ಹಿಂದಿನ ಸೀಟು ಕಳಚಿಸಿಕೊಂಡು, ಡಿಕ್ಕಿ ತೆರೆದು ನಿಂತಿದೆ. ಬಡಾವಣೆಯವರೆಲ್ಲ 'ಬ್ಯಾಟರಿ ಅಕ್ಕ' ಎಂದು ಕರೆಯುವ ಮೆಕ್ಯಾನಿಕ್ ವಾಚು, ಉಂಗುರ ಬಿಚ್ಚಿ ಡಬ್ಬಿಗೆ ಹಾಕುತ್ತಾರೆ. ದಪ್ಪ ರಬ್ಬರ್ ಗ್ಲೌಸ್ ತೊಟ್ಟು ಡಿಕ್ಕಿಯೊಳಗೆ ಕೈಹಾಕಿ, ಕಿತ್ತಳೆ ಬಣ್ಣದ ಪ್ಲಗ್ಗೊಂದನ್ನು ಎಳೆದು ತೆಗೆಯುತ್ತಾರೆ. ಅದು ಹೊರಗಿದ್ದರೆ ಕಾರಿನ ದೊಡ್ಡ ಬ್ಯಾಟರಿಯ ಕರೆಂಟ್ ಕಡಿದಂತೆ. ಅದನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ತಮ್ಮ ಅಣ್ಣನಿಗೆ ಕೊಡುತ್ತಾರೆ. ಅಣ್ಣ ಅದನ್ನು ಕೋಟಿನ ಜೇಬಿಗಿಳಿಸಿ, ಎಡಗೈಯಲ್ಲೇ ಗುಂಡಿ ಹಾಕಿಕೊಳ್ಳುತ್ತಾರೆ.

"ಆಯ್ತು ಪುಟ್ಟಿ. ಸ್ವಲ್ಪ ಹೊತ್ತು ಬಿಡು, ಉಳಿದ ಕರೆಂಟ್ ಇಳೀಲಿ, ಆಮೇಲೆ ಮುಟ್ಟು."

ಆ ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಇರುತ್ತದೆ ಎಂದು, ಅಕ್ಕನ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಸುಮ್ಮನೆ ಕೇಳುತ್ತೇನೆ. "ಇನ್ನೂರು ವೋಲ್ಟಿನ ಮೇಲೆ," ಎನ್ನುತ್ತಾರೆ ಅಕ್ಕ. "ನೀವು ಹಾಯಾಗಿ ಒರಗಿ ಕೂತ್ಕೊಳ್ತೀರಲ್ಲ, ಆ ಹಿಂದಿನ ಸೀಟಿನ ಬೆನ್ನಿಗೇ."

ನಮ್ಮ ಮನೆಯಲ್ಲೂ ಇಂಥದ್ದೇ ಕಾರಿದೆ, ಆ ಸೀಟಿನ ಮೇಲೆ ಮಕ್ಕಳು ಕುಣಿಯುತ್ತಾರೆ. ನನ್ನ ಮುಖ ನೋಡಿ ಅಕ್ಕನಿಗೆ ನಗು. "ಹೆದರ್ಬೇಡಿ. ಮುಚ್ಚಳ ಮುಚ್ಚಿರೋವರೆಗೂ ಅದು ಯಾರ ತಂಟೆಗೂ ಬರಲ್ಲ. ಬಿಚ್ಚೋರಿಗೆ ಮಾತ್ರ ಅಪಾಯ."

ಕಾರು ಒಬ್ಬ ಟ್ಯಾಕ್ಸಿ ಚಾಲಕರದ್ದು. ಸೆಕೆಂಡ್ ಹ್ಯಾಂಡ್ ಕೊಂಡದ್ದು, ಮನೆ ನಡೆಯುವುದು ಇದರಿಂದಲೇ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿದ್ದೇ, ದೊಡ್ಡ ವರ್ಕ್‌ಶಾಪೊಂದರಲ್ಲಿ ಇಡೀ ಬ್ಯಾಟರಿ ಬದಲಿಸಬೇಕು ಎಂದರಂತೆ. ಅದರ ಬೆಲೆ ಕೇಳಿ ನಾನು ಬೆಚ್ಚಿಬೀಳುತ್ತೇನೆ. ಅವರು ಕಾರಿಗೆ ಕೊಟ್ಟ ದುಡ್ಡಿನ ಅರ್ಧಕ್ಕೂ ಹೆಚ್ಚು! ಚಾಲಕರು ಗುಜರಿಗೆ ಹಾಕುವ ಲೆಕ್ಕದಲ್ಲೇ ಬಂದವರು.

ಅಕ್ಕ ಮೊದಲು ಕೈಹಾಕುವುದು ಸೀಟಿನ ಪಕ್ಕದ ಜಾಲರಿಗೆ. ಬ್ಯಾಟರಿಗೆ ತಂಪು ಗಾಳಿ ಹೋಗುವುದು ಅಲ್ಲಿಂದ. ಅದರ ಹಿಂದಿನಿಂದ ಅವರು ಎಳೆದು ತೆಗೆದದ್ದು ಕಂಬಳಿಯಷ್ಟು ದಪ್ಪಗೆ ಗಂಟುಕಟ್ಟಿದ ಧೂಳು ಮತ್ತು ನಾಯಿ ಕೂದಲು. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತೇನೆ.

"ಅಯ್ಯೋ, ನಾನು ನಾಯಿ ಸಾಕೇ ಇಲ್ಲ ಅಕ್ಕಾ!" ಎಂದು ಚಾಲಕರು ಗಾಬರಿಯಾಗುತ್ತಾರೆ.

"ಸಾಕಿದ್ದೋರು ಕಾರು ಮಾರಿದ್ರು. ಕೂದಲು ನಿಮಗೆ ಪುಕ್ಕಟೆ ಬಂತು. ಪಾಪ, ಉಸಿರು ಕಟ್ಟಿದ್ರೆ ಬ್ಯಾಟರಿ ಏನು ಮಾಡುತ್ತೆ ಹೇಳಿ?"

ಬ್ಯಾಟರಿಯ ಒಳಗೆ ಸಾಲಾಗಿ ನಿಂತ ತುಂಡುಗಳನ್ನು ಮೀಟರಿನಿಂದ ಒಂದೊಂದಾಗಿ ಪರೀಕ್ಷಿಸಿದರೆ, ಸತ್ತಿರುವುದು ಎರಡೇ. ಅವನ್ನು ಬದಲಿಸಲು ತಗಲುವ ಖರ್ಚು ಎರಡು ಹೊಸ ಟೈರಿನಷ್ಟು. ನನಗಂತೂ ಸಿಟ್ಟು ನೆತ್ತಿಗೇರುತ್ತದೆ.

ಅಕ್ಕನಿಗೆ ಇದೇನೂ ಹೊಸದಲ್ಲ. "ಬ್ರೇಕಿನ ಪಂಪು ಗುಂಯ್ ಅಂದ್ರೂ ಅದೇ ಮಾತು, ನೀರಿನ ಪಂಪು ನಿಂತ್ರೂ ಅದೇ ಮಾತು. ಮಾಮೂಲಿ ಚಿಕ್ಕ ಬ್ಯಾಟರಿ ಸತ್ರೂನೂ ದೊಡ್ಡದರ ತಲೆಗೇ ಕಟ್ತಾರೆ."

ಇಷ್ಟು ಹೊತ್ತೂ ಅಣ್ಣ ಕುರ್ಚಿ ಬಿಟ್ಟು ಎದ್ದಿಲ್ಲ. ಅವರ ಬಲಗೈ ತೊಡೆಯ ಮೇಲಿದೆ, ಬೆರಳುಗಳು ಮಡಚುವುದಿಲ್ಲ. ಏನಾಯಿತು ಎಂದು ಕೇಳಿದ್ದಕ್ಕೆ ಅಕ್ಕನೇ ಉತ್ತರಿಸುತ್ತಾರೆ.

"ಆಗ ಮೆಕ್ಯಾನಿಕ್ ಅವನು, ನಾನು ಕಾರು ತೊಳೀತಿದ್ದೆ. ಅವನು ಒಳಗಡೆ ಬಗ್ಗಿ ಬ್ಯಾಟರಿ ಬಿಚ್ತಿದ್ದ. ಪ್ಲಗ್ ಡಿಕ್ಕೀಲಿ ಬಿದ್ದಿತ್ತು. ಹಾಕೋದು ಮರೆತಿದ್ದಾನೆ ಅಂದ್ಕೊಂಡು..." ಸ್ಪ್ಯಾನರ್ ಕೆಳಗಿಡುತ್ತಾರೆ. "ನಾನೇ ಹಾಕ್ಬಿಟ್ಟೆ."

ನಾನು ದಂಗಾಗಿ ಒಮ್ಮೆ ತಂಗಿಯನ್ನು, ಒಮ್ಮೆ ಅಣ್ಣನನ್ನು ನೋಡುತ್ತೇನೆ. ಬರೆಯುವುದು ಮರೆತುಹೋಗುತ್ತದೆ. ಸಿಟ್ಟು ಬರಲಿಲ್ಲವೇ ಎಂದು ಅಣ್ಣನನ್ನು ಕೇಳುತ್ತೇನೆ.

"ಬರದೇ ಇರುತ್ತಾ? ಆಸ್ಪತ್ರೆಯಿಂದ ಬಂದ್ಮೇಲೂ ಮಾತಾಡಿಸ್ಲಿಲ್ಲ. ಆಮೇಲೆ ನೋಡಿದ್ರೆ, ಇವಳು ಮನೇಲಿ ಲೈಟ್ ಹಾಕೋಕೂ ಅಮ್ಮನ್ನ ಕರೀತಿದ್ಳು. ಸ್ವಿಚ್ ಮುಟ್ಟೋಕೇ ಭಯ. ನನ್ನ ಕೈ ಜೊತೆ ಇವಳ ಕೈನೂ ಹೋಯ್ತಲ್ಲ ಅಂತ ಕರುಳು ಚುರುಕ್ ಅಂತು. ಬಾ, ನನ್ನ ಕೆಲಸ ನೀನು ಕಲಿ ಅಂದೆ."

ಈ ಕುರ್ಚಿಯಲ್ಲಿ ಕೂತೇ ಅವರು ಎಲ್ಲ ಕಲಿಸಿದರು. ಮೊದಲ ದಿನ ಅಕ್ಕ ಪ್ಲಗ್ಗನ್ನು ತಮ್ಮ ಜೇಬಿಗೇ ಹಾಕಿಕೊಳ್ಳಲು ಹೋದರಂತೆ. "ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಜೇಬೇ ಸಿಗ್ಲಿಲ್ಲ," ಎನ್ನುತ್ತಾರೆ ಅಕ್ಕ. "ಇಲ್ಲಿ ಕೊಡು ಅಂದ. ಅವತ್ತಿಂದ ಅವನೇ ಇಟ್ಕೊಳ್ತಾನೆ. ನಾನು ಒಳಗಿರೋವರೆಗೂ ಟೀ ಕುಡಿಯೋಕೂ ಏಳಲ್ಲ."

ತುಂಡುಗಳು ಕೂತು, ಬ್ಯಾಟರಿಯ ಮುಚ್ಚಳ ಮುಚ್ಚಿದ್ದಾಗಿದೆ. ಅಕ್ಕ ಕಾರಿನಿಂದ ಹೊರಬಂದು ಗ್ಲೌಸ್ ಕಳಚಿ, ಅಣ್ಣನ ಮುಂದೆ ನಿಂತು ಎರಡೂ ಕೈ ಚಾಚುತ್ತಾರೆ. ಅಣ್ಣ ಅಂಗೈ ನೋಡಿ, ತಿರುಗಿಸಿ ಹಿಂಭಾಗವನ್ನೂ ನೋಡಿ, ಆಮೇಲೆ ಕೋಟಿನ ಗುಂಡಿ ಬಿಚ್ಚುತ್ತಾರೆ. ಪ್ಲಗ್ಗನ್ನು ತಂಗಿಯ ಕೈಗಿಟ್ಟು ನನ್ನತ್ತ ತಿರುಗುತ್ತಾರೆ.

"ನೋಡಿದ್ರಾ? ಇಷ್ಟು ವರ್ಷ ಆಯ್ತು. ಎರಡೂ ಕೈಲಿ ಎಲ್ಲೂ ಒಂದು ಸುಟ್ಟ ಕಲೆ ಇಲ್ಲ."